ಲೆನ್ಸನ್ನು ದೂರುವ ಮೊದಲು

ಮಗೂ, ಗೆಳೆಯನ ಎಫ್/1.4 ಲೆನ್ಸಿನ ಚಿತ್ರಗಳ ಮುಂದೆ ನಿನ್ನ ಎಫ್/1.8 ಮಂಕಾಗಿ ಕಂಡಿತು ಅಂದೆ. ಎರಡೂ 50 ಎಂಎಂ. ಆದರೆ ಅವನು ತೆಗೆದದ್ದು ಬೆಳಗಿನ ಬಿಸಿಲಲ್ಲಿ, ನೀನು ತೆಗೆದದ್ದು ಮುಸ್ಸಂಜೆಯಲ್ಲಿ, ಕ್ಯಾಮೆರಾ ಕೈಯಲ್ಲಿ ಹಿಡಿದು. ಆ ವ್ಯತ್ಯಾಸ ಲೆನ್ಸಿನದೋ, ಬೆಳಕಿನದೋ, ಕೈನಡುಕದ್ದೋ ಯಾರು ಹೇಳಬೇಕು?

ತಿಳಿಯಬೇಕಾದರೆ ಎರಡು ಲೆನ್ಸನ್ನೂ ಒಂದೇ ರೀತಿ ಪರೀಕ್ಷಿಸಿ ನೋಡು. ಕ್ಯಾಮೆರಾ ಒಂದೇ ಇರಲಿ, ಟ್ರೈಪಾಡ್ ಕದಲದಿರಲಿ. ಐಎಸ್‌ಒ 100, ರಾ ಫೈಲ್, ಎರಡು ಸೆಕೆಂಡಿನ ಟೈಮರ್. ಲೆನ್ಸಿನ ಮುಂದಿನ ಫಿಲ್ಟರ್ ಬಿಚ್ಚಿಡು, ಸ್ಟೆಬಿಲೈಸೇಷನ್ ಆಫ್ ಮಾಡು. ಅಪರ್ಚರ್ ಎರಡಕ್ಕೂ ಒಂದೇ. ಅವನದು 1.4ರಲ್ಲಿ, ನಿನ್ನದು 1.8ರಲ್ಲಿ ಅಂದರೆ ಅದು ಪರೀಕ್ಷೆಯೇ ಅಲ್ಲ. 1.8, 2.8, 5.6 ಇಷ್ಟು ನೋಡಿದರೆ ಸಾಕು. ಎಫ್/16ಕ್ಕೆ ಹೋಗಬೇಡ. ಅಷ್ಟು ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿ, ಒಂದು ಬಿಂದು ಸುಮಾರು 21 ಮೈಕ್ರಾನಿನ ಚುಕ್ಕೆಯಾಗುತ್ತದೆ. 24 ಮೆಗಾಪಿಕ್ಸೆಲ್ ಫುಲ್‌ಫ್ರೇಮಿನ ಒಂದು ಪಿಕ್ಸೆಲ್ಲಿನ ಅಗಲ ಬರೀ ಆರು. ಅಲ್ಲಿ ಒಳ್ಳೆಯ ಲೆನ್ಸೂ ಸಾಧಾರಣ ಲೆನ್ಸೂ ಹೆಚ್ಚುಕಡಿಮೆ ಒಂದೇ.

ಗುರಿಗೆ ದಿನಪತ್ರಿಕೆಯ ವರ್ಗೀಕೃತ ಜಾಹೀರಾತಿನ ಪುಟಗಳನ್ನು ಗೋಡೆಗೆ ಸಪಾಟಾಗಿ ಅಂಟಿಸು. ಕ್ಯಾಮೆರಾ ಗೋಡೆಗೆ ನೇರ ಇದೆಯೇ ತಿಳಿಯಲು ಚೌಕಟ್ಟಿನ ನಡುವೆ, ಗೋಡೆಗೆ ಒತ್ತಿ, ಒಂದು ಪುಟ್ಟ ಕನ್ನಡಿ ಹಿಡಿಸು. ಲೆನ್ಸಿನ ಪ್ರತಿಬಿಂಬ ಸರಿಯಾಗಿ ಮಧ್ಯಕ್ಕೆ ಬಂದರೆ ನೇರ ನಿಂತಿದೆ ಅಂತ ಅರ್ಥ.

ಪರೀಕ್ಷೆ ಕೆಡುವುದು ಹೆಚ್ಚಾಗಿ ಫೋಕಸ್‌ನಲ್ಲಿ. ಆಟೋಫೋಕಸ್ ನಂಬಬೇಡ. ಲೈವ್ ವ್ಯೂನಲ್ಲಿ ಅಕ್ಷರಗಳನ್ನು ಹಿಗ್ಗಿಸಿ ಕೈಯಾರೆ ಫೋಕಸ್ ಮಾಡು. ಒಂದು ಚಿತ್ರ ತೆಗೆದ ಮೇಲೆ ರಿಂಗ್ ಕೆಡಿಸಿ ಮತ್ತೆ ಮೊದಲಿಂದ ಮಾಡು. ಪ್ರತಿ ಅಪರ್ಚರಿಗೂ ನಾಲ್ಕೈದು ತೆಗೆದು, ಆಯಾ ಲೆನ್ಸಿನ ಅತ್ಯುತ್ತಮ ಚಿತ್ರವನ್ನೇ ಹೋಲಿಸು. ಕೆಲವು ಲೆನ್ಸುಗಳಲ್ಲಿ ಅಪರ್ಚರ್ ಕಿರಿದು ಮಾಡಿದಾಗ ಫೋಕಸೇ ಸರಿಯುತ್ತದೆ, ಅದಕ್ಕೇ ಪ್ರತಿ ಅಪರ್ಚರಿನಲ್ಲೂ ಹೊಸದಾಗಿ ಫೋಕಸ್ ಮಾಡು. ಮೂಲೆ ಮಸುಕಾಗಿ ಕಂಡರೆ ಆ ಮೂಲೆಗೇ ಫೋಕಸ್ ಮಾಡಿ ಇನ್ನೊಂದು ತೆಗೆ. ಈಗ ಚುರುಕಾಯಿತೇ? ಹಾಗಾದರೆ ಅದರ ಫೋಕಸ್ ತಲ ಬಾಗಿದೆ ಅಷ್ಟೆ, ಬಿಂಬ ಮೂಡಿಸುವ ಶಕ್ತಿಯಲ್ಲಿ ಕೊರತೆಯಿಲ್ಲ.

ನೋಡುವಾಗ ಫೈಲಿನ ಹೆಸರುಗಳನ್ನು ಬದಲಿಸಲು ನಿನ್ನ ತಂಗಿಗೆ ಹೇಳು. ಬೆಲೆ ಗೊತ್ತಿದ್ದ ಕಣ್ಣು ದುಬಾರಿ ಲೆನ್ಸಿನ ಕಡೆಗೇ ವಾಲುತ್ತದೆ. ಎಕ್ಸ್‌ಪೋಷರ್ ಸಮ ಇಲ್ಲದಿದ್ದರೂ ಮೋಸವೇ.

ಒಂದೇ ಮಾದರಿಯ ಎರಡು ಲೆನ್ಸುಗಳೂ ಒಂದೇ ಥರ ಇರುವುದಿಲ್ಲ ಎಂಬುದನ್ನೂ ನೆನಪಿಡು. ಒಂದೇ ಮೂಲೆ ಮಸುಕಾಗಿ ಉಳಿದ ಮೂರು ಚೆನ್ನಾಗಿದ್ದರೆ ಒಳಗಿನ ಗಾಜು ಜಾಗ ತಪ್ಪಿರಬಹುದು, ಇಲ್ಲವೇ ಕ್ಯಾಮೆರಾ ಓರೆ ನಿಂತಿರಬಹುದು. ಕ್ಯಾಮೆರಾವನ್ನು ತಲೆಕೆಳಗು ಮಾಡಿ ಅದೇ ಗೋಡೆಯನ್ನು ತೆಗೆ. ಮಸುಕು ಗೋಡೆಯ ಅದೇ ಮೂಲೆಯಲ್ಲಿ ಉಳಿದರೆ ತಪ್ಪು ನಿಲ್ಲಿಸಿದ ರೀತಿಯದು. ಕ್ಯಾಮೆರಾದ ಜತೆ ಎದುರು ಮೂಲೆಗೆ ಹೋದರೆ ದೋಷ ಲೆನ್ಸಿನದು. ಸೆಕೆಂಡ್‌ಹ್ಯಾಂಡ್ ಲೆನ್ಸ್ ಕೊಳ್ಳುವಾಗ ಇದೊಂದನ್ನಾದರೂ ಮಾಡಿ ನೋಡದೆ ದುಡ್ಡು ಕೊಡಬೇಡ.