ಶೇಂಗಾ ಬಿಡೋದು ಯಾಕೆ ಕಷ್ಟ?

"ವರ್ಷಾ ವರ್ಷಾ ಶೇಂಗಾನೇ ಹಾಕ್ತೀರಿ, ಮರ ಬೆಳೆಸಿ" ಅಂತ ಊರಿಗೆ ಬಂದವರೆಲ್ಲ ಹೇಳ್ತಾರೆ. ಮಾತು ಸರಿಯೇ. ನಮ್ಮ ಚಳ್ಳಕೆರೆ ಕಡೆ ಮಳೆ ನಂಬುವ ಹಾಗಿಲ್ಲ. ಆದರೂ ನಾವು ಶೇಂಗಾ ಬಿಡದಿರುವುದು ಮೊಂಡುತನದಿಂದ ಅಲ್ಲ. ನನ್ನ ಐದು ಎಕರೆಯಲ್ಲಿ ನಾನು ಕಂಡ ಅಡ್ಡಿಗಳು ಇವು.

ಬಯಲು ಮೇವು: 2018ರಲ್ಲಿ ಒಂದು ಎಕರೆಗೆ 33 ಅಡಿ ಅಂತರದಲ್ಲಿ 40 ಕಸಿ ಹುಣಸೆ ನೆಟ್ಟೆ. ಅದು ಬರದ ವರ್ಷ. ಬಿಂದಿಗೆಯಲ್ಲಿ ನೀರು ಹೊತ್ತು ಉಳಿಸಿದೆವು. ಸುಗ್ಗಿ ಮುಗಿದ ಮೇಲೆ ಯಾರ ಹೊಲದಲ್ಲಾದರೂ ದನ-ಕುರಿ ಮೇಯುವುದು ನಮ್ಮಲ್ಲಿ ರೂಢಿ. ಒಂದೇ ಮಧ್ಯಾಹ್ನ ಮೇಕೆಗಳು 28 ಗಿಡ ಮುಗಿಸಿದವು. ಮನೆಯಾಕೆ ಆ ದಿನ ಊಟ ಮಾಡಲಿಲ್ಲ. ಜಗಳಕ್ಕೂ ಹೋಗುವಂತಿಲ್ಲ, ಕುರಿಮಂದೆ ಹೊಲದಲ್ಲಿ ನಿಂತರೇ ನಮಗೆ ಗೊಬ್ಬರ.

ಹೊಟ್ಟು: ಶೇಂಗಾ ಕಾಯಿ ಕೈಕೊಟ್ಟರೂ ಹೊಟ್ಟು ಸಿಗುತ್ತದೆ. ಅದಿಲ್ಲದಿದ್ದರೆ ಬೇಸಿಗೆಯಲ್ಲಿ ಎತ್ತು ಮಾರಬೇಕು.

ವಿಮೆ: 2016ರಲ್ಲಿ ಬಂದ ಫಸಲ್ ಬಿಮಾದಲ್ಲಿ ಮುಂಗಾರು ಶೇಂಗಾಕ್ಕೆ ರೈತರ ಕಂತು ನೂರಕ್ಕೆ 2 ರೂಪಾಯಿ. ಪಟ್ಟಿಯಲ್ಲಿಲ್ಲದ ಬೆಳೆ ಹಾಕಿದರೆ ಆ ಆಸರೆ ಇಲ್ಲ.

ಪಹಣಿ: ಸಹಾಯಧನ ಕೇಳಲು ಹೋದರೆ ನನ್ನ ಹೆಸರಿನ ಪಹಣಿ ತನ್ನಿ ಅಂದರು. ನಮ್ಮದು ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ಮೂವರು ಅಣ್ಣತಮ್ಮಂದಿರು ಕೂತು ಪೌತಿ ಖಾತೆ, ವಿಭಾಗ, ಪೋಡಿ ಮುಗಿಸುವಷ್ಟರಲ್ಲಿ ಎರಡು ವರ್ಷ ಹೋಯಿತು.

ಕಾಯುವ ಕಾಲ: ಕಸಿ ಹುಣಸೆ ಕಾಯಿ ಕಾಣಲು ನಾಲ್ಕೈದು ವರ್ಷ, ಬೀಜದ ಗಿಡಕ್ಕೆ ಎಂಟು-ಹತ್ತು. ಅಲ್ಲಿವರೆಗೆ ಮನೆ ನಡೆಯಬೇಕಲ್ಲ?

ಎರಡನೇ ಸಲ ಮಾಡಿದ್ದು

2021ರಲ್ಲಿ ಮತ್ತೆ ನೆಟ್ಟೆ, ಆದರೆ ಒಬ್ಬನೇ ಅಲ್ಲ. ಬದುವಿಗೆ ಬದು ಹೊಂದಿದ ನಾವು ನಾಲ್ಕು ಮನೆಯವರು ಒಂದೇ ಕಡೆ ನೆಟ್ಟೆವು. ನೆಡುವ ಮೊದಲೇ ಕುರಿಯವರನ್ನು ಕರೆದು ಮಾತಾಡಿದೆವು: ಆ ಕಡೆ ಬಿಟ್ಟು ಉಳಿದ ಹೊಲದಲ್ಲಿ ಮಂದೆ ನಿಲ್ಲಿಸಿ, ಕಾಳು ಕೊಡ್ತೀವಿ ಅಂತ. ಒಪ್ಪಿದರು. ಒಂದೊಂದು ಗಿಡಕ್ಕೂ ಜಾಲಿಮುಳ್ಳು ಕಟ್ಟಿದೆವು. ಗಿಡದ ಸಾಲಿನ ನಡುವೆ ಶೇಂಗಾ, ತೊಗರಿ ಅಕ್ಕಡಿ ಬಿಡಲಿಲ್ಲ. ಹೊಟ್ಟೂ ಸಿಕ್ಕಿತು, ಮನೆಗೆ ಬೇಳೆಯೂ ಆಯಿತು. ನನ್ನ 40ರಲ್ಲಿ 34 ಗಿಡ ನಿಂತಿವೆ.

ಬೆಳೆ ಬದಲಿಸುವ ಮುಂಚೆ ಇಷ್ಟು ನೋಡಿಕೊಳ್ಳಿ: ಪಹಣಿ ಯಾರ ಹೆಸರಲ್ಲಿದೆ? ಪಕ್ಕದ ಹೊಲದವರು ಜೊತೆಗಿದ್ದಾರಾ? ದನಕ್ಕೆ ಮೇವೇನು? ಉತ್ತರ ಸಿಗದಿದ್ದರೆ ಈ ವರ್ಷ ಗುಂಡಿ ತೋಡಬೇಡಿ, ಮೊದಲು ಅದನ್ನು ಸರಿಮಾಡಿ. ಹೊಲ ಬದಲಾಯಿಸುವ ಕೆಲಸ ಅಲ್ಲಿಂದಲೇ ಶುರು.