ಹೊಸ ಮಚ್ಚೆ ಕಂಡಿತೇ?

ಮೈಮೇಲೆ ಹೊಸದೊಂದು ಮಚ್ಚೆ ಕಂಡರೆ ಕೆಲವರಿಗೆ ಎದೆ ಧಸಕ್ಕೆನ್ನುತ್ತದೆ. ಅಷ್ಟು ಹೆದರಬೇಡಿ. ಮೂವತ್ತರ ಆಸುಪಾಸಿನವರೆಗೂ ಹೊಸ ಮಚ್ಚೆ ಮೂಡುವುದು ಸಹಜ. ಬಸಿರಿನಲ್ಲಿ, ಮೊದಲೇ ಇದ್ದ ಮಚ್ಚೆ ತುಸು ಕಪ್ಪಾಗುವುದೂ ಉಂಟು.

ಹಗಲು ಬೆಳಕಿನಲ್ಲಿ, ಪಕ್ಕಕ್ಕೊಂದು ಸ್ಕೇಲ್ ಇಟ್ಟು ಫೋಟೊ ತೆಗೆದಿಡಿ. ತಿಂಗಳು ಬಿಟ್ಟು ಹೋಲಿಸಿ ನೋಡಿ. ಆದರೆ ಅಂಚು ಅಂಕುಡೊಂಕಾಗಿದ್ದರೆ, ಒಂದರಲ್ಲೇ ಎರಡು ಮೂರು ಬಣ್ಣವಿದ್ದರೆ, 6 ಮಿಲಿಮೀಟರಿಗಿಂತ ಅಗಲವಿದ್ದರೆ, ಬೇಗ ಬೆಳೆಯುತ್ತಿದ್ದರೆ, ತುರಿಕೆಯೋ ರಕ್ತವೋ ಬಂದರೆ ತಿಂಗಳು ಕಾಯುವುದು ಬೇಡ. ನಲವತ್ತು ದಾಟಿದ ಮೇಲೆ ಮೂಡಿದ್ದನ್ನಂತೂ ಚರ್ಮವೈದ್ಯರಿಗೆ ಒಮ್ಮೆ ತೋರಿಸಿಬಿಡಿ.

ನಮ್ಮಂಥ ಕಂದುಮೈಯವರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಅಪರೂಪ. ಬಂದರೆ ಮಾತ್ರ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನಡಿಯಲ್ಲೇ. ಗಾಯಕ ಬಾಬ್ ಮಾರ್ಲಿಗೆ ಅದು ಕಾಣಿಸಿಕೊಂಡದ್ದು ಕಾಲ್ಬೆರಳಿನ ಉಗುರಿನ ಕೆಳಗೆ. 1981ರಲ್ಲಿ, 36ರ ಹರೆಯದಲ್ಲೇ ತೀರಿಕೊಂಡರು. ಸ್ನಾನದ ಹೊತ್ತಿನಲ್ಲಿ ಅಂಗಾಲನ್ನೂ ತಿರುಗಿಸಿ ನೋಡಿಕೊಳ್ಳಿ.

ಸುಣ್ಣ, ಸೋಡ ಹಚ್ಚಿ ಮಚ್ಚೆ ಸುಡುವುದು ಖಂಡಿತ ಬೇಡ. ಗಾಯವಾಗುತ್ತದೆ, ಮುಂದೆ ಪರೀಕ್ಷೆ ಮಾಡುವುದಕ್ಕೂ ಕಷ್ಟ. ವೈದ್ಯರು ಡರ್ಮಟೋಸ್ಕೋಪ್ ಎಂಬ ಭೂತಗನ್ನಡಿ ಹಿಡಿದು ನೋಡುವುದು ನೋವಿಲ್ಲದ, ಕೆಲವೇ ನಿಮಿಷದ ಕೆಲಸ. ಸಂಶಯವಿದ್ದರೆ ಈ ವಾರವೇ ಹೋಗಿಬನ್ನಿ.