ಐದು ದಿನದ ಪಿಸ್ತೂಲು ತರಗತಿಗೆ ಹೊರಡುವ ಮುನ್ನ

ಅಮೆರಿಕದ ಹಲವು ರಾಜ್ಯಗಳಲ್ಲಿ ಪಿಸ್ತೂಲು ಕೊಳ್ಳಲು ಅರ್ಧ ದಿನ ಸಾಕು. ಅದನ್ನು ತನಗಾಗಲೀ ಮನೆಯವರಿಗಾಗಲೀ ಅಪಾಯವಾಗದಂತೆ ಬಳಸುವುದನ್ನು ಕಲಿಯಲು ಅಷ್ಟು ಸಾಲದು. ಹಾಗಾಗಿ ಅಲ್ಲಿ ನೆಲೆಸಿದ ಕನ್ನಡಿಗರಲ್ಲಿ ಯಾರಾದರೂ ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವ ಮಾತೆತ್ತಿದರೆ, ನಾಲ್ಕೈದು ದಿನದ ಒಂದು ತರಗತಿಗೂ ಹೋಗಿಬನ್ನಿ ಎನ್ನುತ್ತೇನೆ.

ಇಂಥ ಕಲಿಕೆಗೆ ಹೆಸರಾದ ಹಳೆಯ ಶಾಲೆ ಅರಿಜೋನಾದ ಪಾಲ್ಡನ್ ಬಳಿಯ ಗನ್‌ಸೈಟ್ ಅಕಾಡೆಮಿ. ಮರೀನ್ ಪಡೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿದ್ದ ಜೆಫ್ ಕೂಪರ್ 1976ರಲ್ಲಿ ಇದನ್ನು ಆರಂಭಿಸಿದರು. ಅಲ್ಲಿನ ‘250’ ಎಂಬ ಪಿಸ್ತೂಲು ತರಗತಿ ಐದು ದಿನದ್ದು. ಅಷ್ಟರಲ್ಲಿ ಒಬ್ಬೊಬ್ಬ ವಿದ್ಯಾರ್ಥಿ ಹಾರಿಸುವ ಗುಂಡುಗಳು ಸುಮಾರು ಒಂದು ಸಾವಿರ. ಬೇರೆ ಶಾಲೆಗಳ ತರಗತಿಗಳೂ ಹೆಚ್ಚುಕಡಿಮೆ ಇದೇ ಮಾದರಿಯವು. ಶುಲ್ಕ, ರಜೆ, ಪ್ರಯಾಣ ಎಲ್ಲ ಸೇರಿ ಅಲ್ಲಿನ ಒಂದೊಂದು ಗಂಟೆಯೂ ದುಬಾರಿ. ಮನೆಯಲ್ಲೇ ಬಗೆಹರಿಸಿಕೊಳ್ಳಬಹುದಾದ ತೊಡಕನ್ನು ಗುಂಡು ಹಾರಿಸುವ ತಾಣವಾದ ರೇಂಜಿನವರೆಗೆ ಹೊತ್ತೊಯ್ಯಬಾರದು. ಕೆಳಗಿನ ಸಲಹೆಗಳೆಲ್ಲ ಇದಕ್ಕಾಗಿಯೇ.

ಎಲ್ಲಕ್ಕಿಂತ ಮೊದಲು ವೀಸಾ

ನಮ್ಮವರಲ್ಲಿ ಬಹಳ ಮಂದಿಗೆ ತಿಳಿಯದ ಸಂಗತಿ ಇದು. ಎಚ್-1ಬಿ, ಎಲ್-1, ಎಫ್-1ನಂಥ ತಾತ್ಕಾಲಿಕ ವೀಸಾದ ಮೇಲೆ ಇರುವವರು ಬಂದೂಕನ್ನಾಗಲೀ ಗುಂಡುಗಳನ್ನಾಗಲೀ ಹೊಂದಿರುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ‘ಹೊಂದಿರುವುದು’ ಎಂದರೆ ಸ್ವಂತಕ್ಕೆ ಕೊಳ್ಳುವುದು ಮಾತ್ರವಲ್ಲ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿದರೂ ಅದರೊಳಗೆ ಬರಬಹುದು. ಮಾನ್ಯವಾದ ಬೇಟೆ ಪರವಾನಗಿ ಇರುವವರಿಗೆ ವಿನಾಯಿತಿಯುಂಟು, ಬೇರೆ ಕೆಲವು ವಿನಾಯಿತಿಗಳೂ ಇವೆ. ಆದರೆ ಅವು ನಿಮಗೆ ಅನ್ವಯಿಸುತ್ತವೆಯೇ ಎಂಬುದನ್ನು ಗೆಳೆಯರ ಮಾತು ಕೇಳಿ ನಿರ್ಧರಿಸಬೇಡಿ, ವಕೀಲರನ್ನು ಕಂಡು ಬರಹದಲ್ಲಿ ಪಡೆಯಿರಿ. ಈ ಅಪರಾಧಕ್ಕೆ 15 ವರ್ಷದವರೆಗೆ ಸೆರೆವಾಸವಿದೆ, ಗಡಿಪಾರಿಗೂ ಇದು ಕಾರಣವಾಗಬಲ್ಲದು. ಗ್ರೀನ್ ಕಾರ್ಡ್ ಪಡೆದವರಿಗೂ ಪೌರರಿಗೂ ಈ ನಿರ್ಬಂಧವಿಲ್ಲ. ಅವರು ತಮ್ಮ ರಾಜ್ಯದ ನಿಯಮ ನೋಡಿಕೊಂಡರಾಯಿತು.

ವೀಸಾದ ತೊಡಕಿಲ್ಲದಿದ್ದರೂ ಗರ್ಭಿಣಿಯರು ಮತ್ತು ಎದೆಹಾಲುಣಿಸುವ ತಾಯಂದಿರು ತರಗತಿಯನ್ನು ಮುಂದೂಡುವುದೇ ಸರಿ. ಗುಂಡು ಹಾರಿದಾಗ ಸೀಸದ ಕಣಗಳು ಗಾಳಿಗೆ ಸೇರುತ್ತವೆ. ಕಿವಿಗೆ ರಕ್ಷಣೆ ತೊಟ್ಟರೂ ಹೊಟ್ಟೆಯಲ್ಲಿರುವ ಮಗುವಿಗೆ ಸದ್ದಿನಿಂದ ರಕ್ಷಣೆಯಿಲ್ಲ.

ಆರು ವಾರ ಮೊದಲು: ಖಾಲಿ ಪಿಸ್ತೂಲಿನ ಅಭ್ಯಾಸ

ಕೂಪರ್ ರೂಪಿಸಿದ ನಾಲ್ಕು ಸುರಕ್ಷತಾ ನಿಯಮಗಳು ಇಂದು ಬಹುಪಾಲು ಶಾಲೆಗಳ ತಳಹದಿ. ಯಾವ ಬಂದೂಕನ್ನೂ ಗುಂಡು ತುಂಬಿದ್ದೆಂದೇ ತಿಳಿಯಬೇಕು. ನಾಶವಾಗಬಾರದೆಂದು ನೀವು ಬಯಸುವ ಯಾವುದರ ಕಡೆಗೂ ನಳಿಗೆ ತಿರುಗಬಾರದು. ಸೈಟ್ (ಪಿಸ್ತೂಲಿನ ಮೇಲಿನ ಗುರಿಗುರುತು) ಗುರಿಯ ಮೇಲೆ ಕೂರುವವರೆಗೆ ಬೆರಳು ಟ್ರಿಗರಿನ ಹೊರಗೇ ಇರಬೇಕು. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಖಚಿತವಾಗಿ ತಿಳಿದಿರಬೇಕು. ಇವನ್ನು ಬಾಯಿಪಾಠ ಮಾಡಿಕೊಂಡು ಹೋದರೆ ಸಾಲದು, ಬೆರಳಿಗೆ ಅಭ್ಯಾಸವಾಗಿರಬೇಕು. ಅದಕ್ಕಿರುವ ದಾರಿ ಗುಂಡಿಲ್ಲದ ಅಭ್ಯಾಸ.

ಕ್ರಮ ಹೀಗೆ. ಮ್ಯಾಗಜೀನ್ ತೆಗೆದು, ಸ್ಲೈಡ್ ಹಿಂದಕ್ಕೆಳೆದು, ಗುಂಡು ಕೂರುವ ಚೇಂಬರ್ ಖಾಲಿಯಿದೆಯೆಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿಯೂ ನೋಡಿ. ಗುಂಡುಗಳೆಲ್ಲ ಬೇರೆ ಕೋಣೆಯಲ್ಲಿರಲಿ. ಗುಂಡು ನಿಜವಾಗಿ ಹಾರಿದರೂ ತಡೆಯಬಲ್ಲ ಗೋಡೆಯನ್ನೇ ಗುರಿಯ ಹಿಂದೆ ಆರಿಸಿಕೊಳ್ಳಿ. ಅಮೆರಿಕದ ಮನೆಗಳ ಒಳಗೋಡೆ ತೆಳುವಾದ ಡ್ರೈವಾಲ್, ಅದು ಏನನ್ನೂ ತಡೆಯದು. ದಿನಕ್ಕೆ ಹತ್ತು ಹದಿನೈದು ನಿಮಿಷ, ಸೈಟ್ ಅಲುಗದಂತೆ ನಿಧಾನವಾಗಿ ಟ್ರಿಗರ್ ಒತ್ತುವುದಷ್ಟೇ ಕೆಲಸ. ಫೋನ್ ಬಂದರೆ, ಮಕ್ಕಳು ಕರೆದರೆ ಅಭ್ಯಾಸ ಅಲ್ಲಿಗೆ ನಿಲ್ಲಲಿ. ಮತ್ತೆ ತೊಡಗುವಾಗ ಪರೀಕ್ಷೆ ಮೊದಲಿನಿಂದ ನಡೆಯಲಿ. ಮುಗಿದ ಮೇಲೆ ‘ಇವತ್ತಿಗೆ ಮುಗಿಯಿತು’ ಎಂದು ಗಟ್ಟಿಯಾಗಿ ಹೇಳಿ ಪಿಸ್ತೂಲನ್ನು ಬೀಗದೊಳಗಿಡಿ. ಅಭ್ಯಾಸ ಮುಗಿಸಿ, ಗುಂಡು ತುಂಬಿ, ‘ಇನ್ನೊಂದೇ ಸಲ’ ಎಂದು ಟ್ರಿಗರ್ ಒತ್ತುವ ಗಳಿಗೆಯೇ ಅನಾಹುತಕ್ಕೆ ದಾರಿ. ಗಟ್ಟಿಯಾಗಿ ಹೇಳಿಕೊಳ್ಳುವುದು ಅದಕ್ಕೇ.

ಮೇಜಿನ ಮುಂದೆ ಕೂತು ದುಡಿಯುವವರು ಇದರ ಜೊತೆಗೆ ದಿನಾ ನಡೆಯಬೇಕು, ಮುಂಗೈಗೆ ಬಲ ಬರುವ ವ್ಯಾಯಾಮ ಮಾಡಬೇಕು. ತರಗತಿಯಲ್ಲಿ ದಿನವಿಡೀ ಜಲ್ಲಿಯ ನೆಲದ ಮೇಲೆ ನಿಂತೇ ಇರಬೇಕಾಗುತ್ತದೆ. ಮೂರನೇ ದಿನ ಕಾಲೂ ಸೊಂಟವೂ ಸೋತರೆ ಗುರಿಯೂ ಸೋಲುತ್ತದೆ.

ಕಣ್ಣು, ಕನ್ನಡಕ

ನಲವತ್ತು ದಾಟಿದವರು ಈ ಭಾಗವನ್ನು ಬಿಡದೆ ಓದಿ. ಪಿಸ್ತೂಲಿನಲ್ಲಿ ಸ್ಪಷ್ಟವಾಗಿ ಕಾಣಬೇಕಾದದ್ದು ನಳಿಗೆಯ ತುದಿಯಲ್ಲಿರುವ ಮುಂದಿನ ಸೈಟ್. ಅದು ಕಣ್ಣಿನಿಂದ ಚಾಚಿದ ತೋಳಿನಷ್ಟು ದೂರದಲ್ಲಿರುತ್ತದೆ. ಪ್ರೋಗ್ರೆಸಿವ್ ಕನ್ನಡಕದಲ್ಲಿ ಆ ದೂರಕ್ಕೆ ಹೊಂದುವ ಭಾಗ ಮಧ್ಯದಲ್ಲಿ ಕಿರಿದಾಗಿ ಇರುವುದರಿಂದ ತಲೆಯನ್ನು ಹಿಂದಕ್ಕೆ ವಾಲಿಸಿ ಹುಡುಕಬೇಕಾಗುತ್ತದೆ. ಕತ್ತು ನೋಯುತ್ತದೆ, ನಿಲುವು ಕೆಡುತ್ತದೆ. ತರಗತಿಗೆ ಒಂದೆರಡು ತಿಂಗಳು ಮೊದಲೇ ನೇತ್ರತಜ್ಞರ ಬಳಿ ಹೋಗಿ, ಕಣ್ಣಿನಿಂದ ಸೈಟಿನವರೆಗಿನ ದೂರವನ್ನು ಟೇಪಿನಿಂದ ಅಳೆದು ತಿಳಿಸಿ, ಒಂದೇ ಪವರಿನ ಕನ್ನಡಕ ಮಾಡಿಸಿಕೊಳ್ಳಿ. ಗಾಜು ಝಡ್87.1 ಗುಣಮಟ್ಟದ ಗುರುತುಳ್ಳದ್ದಾಗಿರಲಿ, ಪಕ್ಕಗಳಿಗೂ ಮರೆಯಿರಲಿ. ಸಲಕರಣೆಗೆ ಮಾಡುವ ಖರ್ಚಿನಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ನನಗೆ ಇನ್ನೊಂದು ಕಂಡಿಲ್ಲ.

ಯಾವ ಕಣ್ಣು ಪ್ರಬಲ ಎಂಬುದನ್ನೂ ಮನೆಯಲ್ಲೇ ನೋಡಿಕೊಳ್ಳಿ. ಎರಡೂ ಕೈ ಚಾಚಿ, ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರೊಳಗಿಂದ ಗೋಡೆಯ ಗಡಿಯಾರವನ್ನು ನೋಡಿ. ನಂತರ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದೇ ಪ್ರಬಲ. ಬಲಗೈಯವರಿಗೆ ಎಡಗಣ್ಣು ಪ್ರಬಲವಾಗಿದ್ದರೆ ತರಬೇತುದಾರರಿಗೆ ಮೊದಲ ದಿನವೇ ಹೇಳಿ.

ಸಲಕರಣೆ

ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಹೊಸ ಪಿಸ್ತೂಲು ಬೇಡ. ಊರಿನ ರೇಂಜಿನಲ್ಲಿ ಇನ್ನೂರು ಗುಂಡಾದರೂ ಸಿಕ್ಕಿಕೊಳ್ಳದೆ ಹಾರಿಸಿದ್ದನ್ನೇ ಒಯ್ಯಿರಿ. ಹೋಲ್‌ಸ್ಟರ್ ಟ್ರಿಗರನ್ನು ಪೂರ್ತಿ ಮುಚ್ಚುವಂತಿರಬೇಕು. ಪಿಸ್ತೂಲು ತೆಗೆದ ಮೇಲೂ ಬಾಯಿ ತೆರೆದೇ ಇರುವಷ್ಟು ಗಟ್ಟಿಯಾಗಿರಬೇಕು. ಬಟ್ಟೆಯ ಮೆತ್ತನೆ ಹೋಲ್‌ಸ್ಟರಿನ ಬಾಯಿ ಮುಚ್ಚಿಕೊಂಡರೆ, ಪಿಸ್ತೂಲನ್ನು ವಾಪಸ್ ಇಡುವಾಗ ಎಡಗೈ ಅಡ್ಡ ಬಂದು ನಳಿಗೆಯ ಮುಂದೆ ಹಾಯುತ್ತದೆ. ಸೊಂಟಕ್ಕೆ ಬಾಗದ ಬೆಲ್ಟು ಇರಲಿ. ಮ್ಯಾಗಜೀನ್ ಕನಿಷ್ಠ ಮೂರು ಬೇಕು, ಐದಿದ್ದರೆ ಚೆನ್ನ. ಪ್ರತಿಯೊಂದಕ್ಕೂ ಬಣ್ಣದಲ್ಲಿ ಸಂಖ್ಯೆ ಬರೆಯಿರಿ, ಗುಂಡು ಸಿಕ್ಕಿಕೊಂಡಾಗ ದೋಷ ಯಾವುದರದ್ದೆಂದು ತಕ್ಷಣ ತಿಳಿಯುತ್ತದೆ.

ಪಿಸ್ತೂಲಿನ ಸದ್ದು 150 ಡೆಸಿಬೆಲ್ ಮೀರುತ್ತದೆ. ಕಿವಿಯೊಳಗೆ ಪ್ಲಗ್, ಮೇಲೆ ಎಲೆಕ್ಟ್ರಾನಿಕ್ ಇಯರ್‌ಮಫ್, ಎರಡನ್ನೂ ತೊಡಿ. ಮಾತು ಕೇಳಿಸಿ ಸ್ಫೋಟವನ್ನಷ್ಟೇ ತಗ್ಗಿಸುವ ಇಯರ್‌ಮಫ್ ಇದ್ದರೆ ಆದೇಶ ತಪ್ಪಿಹೋಗದು. ಬೊಬ್ಬೆಗೆ ಅಂಟುಪಟ್ಟಿ, ಎಣ್ಣೆ, ಬ್ಯಾಟರಿ, ನೋಟ್‌ಬುಕ್ ಚೀಲದಲ್ಲಿರಲಿ.

ಉಡುಪು, ಊಟ

ಪಿಸ್ತೂಲು ಹೊರಗೆಸೆಯುವ ಖಾಲಿ ತೋಟಾ ಚರ್ಮ ಸುಡುವಷ್ಟು ಬಿಸಿ. ಅದು ಕೊರಳಿನ ಸಂದಿಯಿಂದ ಅಂಗಿಯೊಳಗೆ ಬಿದ್ದರೆ ಮೈ ತಾನಾಗಿ ಬೆಚ್ಚುತ್ತದೆ, ಪಿಸ್ತೂಲು ಹಿಡಿದ ಕೈ ಪಕ್ಕದವರತ್ತ ತಿರುಗುತ್ತದೆ. ಸುಟ್ಟ ಗಾಯ ಸಣ್ಣದು, ಆ ತಿರುಗುವಿಕೆ ಪ್ರಾಣಾಂತಕ. ಕೊರಳು ಮುಚ್ಚುವ ಅಂಗಿ, ಮುಂದೆ ಚಾಚಿದ ಟೋಪಿ ಕಡ್ಡಾಯವೆಂದೇ ತಿಳಿಯಿರಿ. ಪಾಲ್ಡನ್ 4,000 ಅಡಿಗೂ ಎತ್ತರದ ಒಣನೆಲ. ಬಿಸಿಲು ಚುರುಕು, ಬೆವರು ಅಂಟುವ ಮೊದಲೇ ಆರುವುದರಿಂದ ಬಾಯಾರಿಕೆ ತಡವಾಗಿ ತಿಳಿಯುತ್ತದೆ. ಉಪ್ಪು ಹಾಕಿದ ನಿಂಬೆ ಪಾನಕವನ್ನು ಗಂಟೆಗೊಮ್ಮೆ ಕುಡಿಯಿರಿ.

ಊರಿನಿಂದ ದೂರದ ರೇಂಜಿನ ಬಳಿ ಸಸ್ಯಾಹಾರ ಸಿಗುವ ಭರವಸೆಯಿಲ್ಲ. ಚಪಾತಿ, ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡು ಹೋಗುವವರು ಒಂದು ಮಾತನ್ನು ನೆನಪಿಡಬೇಕು: ಗುಂಡು ತುಂಬಿದ ಬೆರಳುಗಳಲ್ಲಿ ಸೀಸವಿರುತ್ತದೆ, ನಾವು ಕೈಯಲ್ಲೇ ಉಣ್ಣುವವರು. ಸ್ಯಾನಿಟೈಸರ್ ಸೀಸವನ್ನು ತೆಗೆಯದು. ಸೋಪು ಹಚ್ಚಿ ಉಜ್ಜಿ ತೊಳೆಯಿರಿ, ಆಮೇಲೂ ಚಮಚ ಬಳಸುವುದು ಮೇಲು. ರಾತ್ರಿ ಉಡುಪನ್ನು ಬೇರೆ ಚೀಲಕ್ಕೆ ಹಾಕಿ. ರೇಂಜಿನ ಬೂಟು ಪುಟ್ಟ ಮಕ್ಕಳು ಅಂಬೆಗಾಲಿಡುವ ಮನೆಯೊಳಗೆ ಬರಲೇಬಾರದು.

ಪ್ರಯಾಣ

ವಿಮಾನದಲ್ಲಿ ಪಿಸ್ತೂಲು ಚೆಕ್-ಇನ್ ಸಾಮಾನಿನಲ್ಲಿ ಮಾತ್ರ, ಗುಂಡಿಲ್ಲದೆ, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ ಹೋಗಬೇಕು. ಕೌಂಟರಿನಲ್ಲಿ ಘೋಷಿಸಲೇಬೇಕು. 2023ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಕೈಚೀಲಗಳಲ್ಲಿ ಸಿಕ್ಕಿಬಿದ್ದ ಬಂದೂಕುಗಳು 6,737, ಅವುಗಳಲ್ಲಿ ಬಹುಪಾಲು ಗುಂಡು ತುಂಬಿದವು. ಹೆಚ್ಚಿನ ವಿಮಾನ ಸಂಸ್ಥೆಗಳು ಒಬ್ಬರಿಗೆ 5 ಕಿಲೋವರೆಗೆ ಮಾತ್ರ ಗುಂಡು ಒಯ್ಯಲು ಬಿಡುತ್ತವೆ. 9 ಎಂ.ಎಂ. ಗುಂಡು ಸಾವಿರವೆಂದರೆ ಸುಮಾರು 12 ಕಿಲೋ. ಹಾಗಾಗಿ ಅಲ್ಲೇ ಕೊಳ್ಳುವುದಾಗಿ ಶಾಲೆಗೆ ಮೊದಲೇ ತಿಳಿಸಿ.

ಕಾರಿನಲ್ಲಿ ಹೋಗುವವರು ದಾರಿಯ ಪ್ರತಿ ರಾಜ್ಯದ ಕಾನೂನು ಓದಿಕೊಳ್ಳಬೇಕು. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳಲ್ಲಿ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನ್‌ಗೆ ನಿರ್ಬಂಧವಿದೆ. ಅರಿಜೋನಾದ ಅಂಗಡಿಯಲ್ಲಿ ಕಾನೂನುಬದ್ಧವಾಗಿ ಕೊಂಡದ್ದು ಮನೆಗೆ ಮರಳುವಾಗ ಅಪರಾಧವಾಗಬಹುದು.

ತರಗತಿಯ ದಿನಗಳು

ಬೇರೆಡೆ ಕಲಿತದ್ದನ್ನು ಐದು ದಿನ ಪಕ್ಕಕ್ಕಿಟ್ಟು ತರಬೇತುದಾರರು ಹೇಳಿದಂತೆ ಮಾಡಿ. ದಣಿದಾಗ, ಕೈ ನಡುಗಿದಾಗ ಸಾಲಿನಿಂದ ಹಿಂದೆ ಸರಿಯಲು ಸಂಕೋಚ ಬೇಡ. ಸಂಜೆಯ ಹೊತ್ತು ಮ್ಯಾಗಜೀನ್ ಒರೆಸಿ, ಟಿಪ್ಪಣಿ ಬರೆದು, ಬೇಗ ಮಲಗಿ. ಮದ್ಯ ಬೇಡ.

ಮರಳಿದ ಮೇಲೆ

ಪಿಸ್ತೂಲು ಸ್ವಚ್ಛಗೊಳಿಸಿ ಸೇಫಿನೊಳಗಿಟ್ಟ ಮೇಲೂ ಒಂದು ಕೆಲಸ ಉಳಿಯುತ್ತದೆ. ರೇಂಜಿಗೆ ಒಯ್ದ ಚೀಲ, ಜಾಕೆಟ್ಟು, ಪ್ಯಾಂಟುಗಳ ಪ್ರತಿ ಜೇಬನ್ನೂ ಹೊರಮಗುಚಿ, ಹೊಲಿಗೆಯ ಸಂದಿಯನ್ನೂ ಬೆರಳಾಡಿಸಿ ನೋಡಿ. ಮರೆತು ಉಳಿದ ಒಂದೇ ಗುಂಡು, ರಜೆಗೆ ಊರಿಗೆ ಹೋದಾಗ ಬೆಂಗಳೂರಿನ ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಂಡರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪೊಲೀಸ್ ಪ್ರಕರಣ ದಾಖಲಾಗಬಹುದು. ಗೊತ್ತಿಲ್ಲದೆ ಉಳಿಯಿತೆಂದು ನ್ಯಾಯಾಲಯದಲ್ಲಿ ಸಾಬೀತುಪಡಿಸುವಷ್ಟರಲ್ಲಿ ರಜೆ ಮುಗಿದಿರುತ್ತದೆ, ಪಾಸ್‌ಪೋರ್ಟ್ ಠಾಣೆಯಲ್ಲಿ ಉಳಿದಿರಲೂಬಹುದು. ರೇಂಜಿಗೆಂದೇ ಬೇರೆ ಚೀಲ ಇಟ್ಟುಕೊಳ್ಳಿ, ಅದರ ಮೇಲೆ ದಪ್ಪಕ್ಷರದಲ್ಲಿ ಗುರುತು ಹಾಕಿ, ಊರಿಗೆ ಹೊರಡುವಾಗ ಮನೆಯವರು ಯಾರೂ ಅದನ್ನು ಎತ್ತಿಕೊಳ್ಳದಂತೆ ಹೇಳಿಡಿ.